ತರಗೆಲೆಗೊಂದು ಗಾಡಿ ಕೊಡಿ: ಪಶ್ಚಿಮ ನಗರ ಪಾಲಿಕೆಯ ಅಧಿಕಾರಿಗಳಿಗೆ ಬಹಿರಂಗ ಪತ್ರ

ಬೆಂಗಳೂರು ಪಶ್ಚಿಮ ನಗರ ಪಾಲಿಕೆಯ ಆಯುಕ್ತರು, ಘನತ್ಯಾಜ್ಯ ಮತ್ತು ತೋಟಗಾರಿಕೆ ವಿಭಾಗಗಳ ಅಧಿಕಾರಿಗಳು, ಆರೋಗ್ಯ ನಿರೀಕ್ಷಕರು ಹಾಗೂ ಮಾರ್ಷಲ್‌ಗಳಿಗೆ,

ಮಾನ್ಯರೇ,

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ನಾಗರಬಾವಿ, ಕೆಂಗೇರಿ ಉಪನಗರಗಳ ರಸ್ತೆ ಬದಿಯಲ್ಲಿ, ಖಾಲಿ ನಿವೇಶನಗಳಲ್ಲಿ, ರಾಜಕಾಲುವೆಯ ಅಂಚಿನಲ್ಲಿ ತರಗೆಲೆಗೂ ಕಸಕ್ಕೂ ಬೆಂಕಿ ಹಚ್ಚುವ ಪದ್ಧತಿಯ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ಅದು ತಪ್ಪೆಂದು ತಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾನೂನಿನ ಪ್ರತಿ ತಮ್ಮ ಮೇಜಿನ ಮೇಲೇ ಇರುತ್ತದೆ. ನನಗೆ ಹೇಳಬೇಕೆನಿಸಿರುವುದು ಒಂದೇ ವಿಷಯ. ನಮ್ಮ ಬಡಾವಣೆಗಳಲ್ಲಿ ಬೆಂಕಿ ಬೀಳುವುದು ನಿಷೇಧ ಇಲ್ಲದ್ದರಿಂದಲ್ಲ. ಗುಡಿಸಿ ಗುಡ್ಡೆ ಹಾಕಿದ ಎಲೆಗೆ ಹೋಗಲು ಜಾಗವಿಲ್ಲ, ಒಯ್ಯಲು ಗಾಡಿಯಿಲ್ಲ, ಅದಕ್ಕೇ ಬೆಂಕಿ ಬೀಳುತ್ತಿದೆ. ಆದ್ದರಿಂದ ಜಾಗವನ್ನೂ ಗಾಡಿಯನ್ನೂ ಮೊದಲು ಒದಗಿಸಿ, ದಂಡದ ರಸೀದಿ ಪುಸ್ತಕವನ್ನು ಆಮೇಲೆ ತೆರೆಯಿರಿ ಎಂದು ಕೋರುತ್ತೇನೆ. ಯಾಕೆ ಈ ಕ್ರಮದಲ್ಲೇ ಆಗಬೇಕು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಲು ಅನುಮತಿ ಕೊಡಿ.

ನಿಷೇಧಕ್ಕೆ ನಮ್ಮಲ್ಲಿ ಎಂದೂ ಬರ ಬಂದಿಲ್ಲ. 1981ರ ವಾಯು ಮಾಲಿನ್ಯ ನಿಯಂತ್ರಣ ಕಾಯ್ದೆಯ 19ನೇ ಸೆಕ್ಷನ್, ಇಂಧನವಲ್ಲದ ಯಾವುದೇ ವಸ್ತುವನ್ನು ಸುಡುವುದನ್ನು ತಡೆಯುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬೀದಿಯಲ್ಲಾಗಲಿ ಸಾರ್ವಜನಿಕ ಜಾಗದಲ್ಲಾಗಲಿ ಕಸ ಎಸೆಯಬಾರದು, ಸುಡಬಾರದು, ಹೂಳಬಾರದು ಎಂದು ಸ್ಪಷ್ಟವಾಗಿ ಬರೆದಿಟ್ಟವು. ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ ಹೂಡಿದ ಕಸದ ಮೊಕದ್ದಮೆ ಇಪ್ಪತ್ತು ವರ್ಷ ನಡೆಯಿತು. ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್ 22ರಂದು ಬಯಲಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ಪೂರ್ತಿ ನಿಷೇಧಿಸಿತು; ಸಾಮಾನ್ಯ ಪ್ರಕರಣಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣದ ಕಸಕ್ಕೆ 25,000 ರೂಪಾಯಿ ಎಂದು ಪರಿಹಾರ ಮೊತ್ತವನ್ನೂ ಗೊತ್ತುಮಾಡಿತು. ಅದಾದ ಮೇಲೆ, ಆಗ ಇಡೀ ನಗರವನ್ನು ನೋಡಿಕೊಳ್ಳುತ್ತಿದ್ದ ಬಿಬಿಎಂಪಿಯೇ 2020ರಲ್ಲಿ ಘನತ್ಯಾಜ್ಯ ಉಪವಿಧಿಗಳನ್ನು ತಂದಿತು. ಇಷ್ಟು ಕಡೆ ಬೇಡ ಎಂದು ಬರೆದ ಮೇಲೂ ಒಂದು ಕೆಲಸ ನಿಲ್ಲುತ್ತಿಲ್ಲ ಎಂದರೆ, ಇನ್ನೊಂದು ಸಲ ಬೇಡ ಎಂದು ಬರೆಯುವುದರಿಂದ ಏನಾದೀತು? ಹೊಸ ಸುತ್ತೋಲೆ, ಹೊಸ ಫಲಕ, ಹೊಸ ದಂಡದ ದರ ಇವೆಲ್ಲ ಪತ್ರಿಕೆಗಳಲ್ಲಿ ಒಂದು ದಿನದ ಸುದ್ದಿಯಾಗುತ್ತವೆ. ಮರ ಮಾತ್ರ ಮರುದಿನವೂ ಎಲೆ ಉದುರಿಸುತ್ತದೆ.

ಬೆಂಕಿಯ ಮೂಲವನ್ನು ಹತ್ತಿರದಿಂದ ನೋಡೋಣ. ಮಾಗಿ ಕಳೆದು ಶಿವರಾತ್ರಿ ಸಮೀಪಿಸುತ್ತಿದ್ದಂತೆ ನಮ್ಮ ರಸ್ತೆಗಳ ಹೊಂಗೆ, ಮಳೆಮರಗಳು ಎಲೆ ಕಳಚತೊಡಗುತ್ತವೆ. ಯುಗಾದಿಯ ಹೊತ್ತಿಗೆ ಹೊಸ ಚಿಗುರು. ಅಲ್ಲಿಯವರೆಗೆ ಎಷ್ಟು ಗುಡಿಸಿದರೂ ರಸ್ತೆ ಮತ್ತೆ ಹಳದಿ. ಬೆಳಗಾಗುವ ಮುನ್ನವೇ ಪೌರಕಾರ್ಮಿಕರು ಪೊರಕೆ ಹಿಡಿದು ಇಳಿಯುತ್ತಾರೆ, ಚರಂಡಿಯ ಅಂಚಿನಲ್ಲಿ ಗುಡ್ಡೆ ಮಾಡುತ್ತಾ ಹೋಗುತ್ತಾರೆ. ಆ ಗುಡ್ಡೆಯಲ್ಲಿ ಎಲೆಯೊಂದೇ ಇರುವುದಿಲ್ಲ. ಹಾಲಿನ ಪ್ಯಾಕೆಟ್ಟಿನ ಮೂಲೆ, ಗುಟ್ಕಾ ಚೀಟಿ, ಟೀ ಕುಡಿದು ಎಸೆದ ಕಪ್ಪು, ಚಿಪ್ಸ್ ಕವರು, ಎಳನೀರಿನ ಬುರುಡೆಯ ಸಿಬಿರು, ಮಣ್ಣು ಎಲ್ಲ ಬೆರೆತಿರುತ್ತದೆ. ಮನೆ ಮನೆಗೆ ಬರುವ ಆಟೊ ಟಿಪ್ಪರ್‌ನವರು ಇದನ್ನು ಮುಟ್ಟುವುದಿಲ್ಲ. ಅವರ ಗಾಡಿಯಲ್ಲಿ ಹಸಿ ಕಸಕ್ಕೆ ಒಂದು ಪಾಲು, ಒಣ ಕಸಕ್ಕೆ ಒಂದು ಪಾಲು. ಎಲೆ ಎರಡೂ ಅಲ್ಲ. ಸಡಿಲ ಎಲೆ ತುಂಬಿದರೆ ಗಾಡಿ ಬೇಗ ಭರ್ತಿಯಾಗುತ್ತದೆ, ತೂಕ ಮಾತ್ರ ಏರುವುದಿಲ್ಲ. ಸಾಗಣೆಯ ಲೆಕ್ಕದಲ್ಲಿ ಇಷ್ಟು ನಷ್ಟದ ಸರಕು ಇನ್ನೊಂದಿಲ್ಲ. ಹಾಗಾಗಿ ಗುಡ್ಡೆ ಅಲ್ಲೇ ಉಳಿಯುತ್ತದೆ. ಗಾಳಿ ಬಂದರೆ ಬೆಳಗಿನ ಕೆಲಸವೆಲ್ಲ ಹಾಳು. ಮೇಸ್ತ್ರಿ ಬಂದು ಯಾಕೆ ಇನ್ನೂ ಇದೆ ಎಂದು ಗದರುತ್ತಾರೆ. ಎದುರು ಮನೆಯವರು ಚರಂಡಿ ಕಟ್ಟಿಕೊಳ್ಳುತ್ತದೆ ಎಂದು ಫೋನ್ ಮಾಡುತ್ತಾರೆ. ಒಂದು ಬೆಂಕಿಕಡ್ಡಿ ಈ ಮೂರೂ ತಕರಾರನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತದೆ. ಸುಡುವುದು ಈ ನಗರದ ಅತಿ ಅಗ್ಗದ ಕಸ ಸಾಗಣೆ. ಪಾಲಿಕೆ ಉಳಿಸಿದ ಡೀಸೆಲ್ಲಿನ ಬೆಲೆಯನ್ನು ಅಕ್ಕಪಕ್ಕದವರು ತಮ್ಮ ಶ್ವಾಸಕೋಶದಿಂದ ತೆರುತ್ತಾರೆ. ಅವರಲ್ಲಿ ಮೊದಲನೆಯವರು ಆ ಹೊಗೆಯ ಪಕ್ಕದಲ್ಲೇ ನಿಂತು ಮುಂದಿನ ರಸ್ತೆ ಗುಡಿಸುವ ಪೌರಕಾರ್ಮಿಕರೇ.

ಇದರ ಹಿಂದೆ ಆಡಳಿತದ ಒಂದು ವಿಚಿತ್ರವೂ ಇದೆ. ಮರ ಅರಣ್ಯ ಘಟಕದ್ದು, ಉದ್ಯಾನ ತೋಟಗಾರಿಕೆಯದು, ರಸ್ತೆ ಎಂಜಿನಿಯರಿಂಗ್ ವಿಭಾಗದ್ದು, ಕಸಕ್ಕೆ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಎಂಬ ಪ್ರತ್ಯೇಕ ಕಂಪನಿಯೇ ಇದೆ. ಉದುರಿದ ಎಲೆ ಯಾರದು? ಕೊಂಬೆಯಲ್ಲಿರುವಾಗ ಅದಕ್ಕೆ ವೃಕ್ಷ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇರುತ್ತದೆ. ನೆಲಕ್ಕೆ ಬಿದ್ದ ಕ್ಷಣದಿಂದ ಅದು ಅನಾಥ.

ಇನ್ನು ಹೊಗೆಯ ವಿಚಾರ. ಎಲೆಗೆ ಬೆಂಕಿ ಹಾಕಿದರೆ ಏನಾಗುತ್ತದೆ, ನಮ್ಮ ಅಜ್ಜಂದಿರೂ ಹಾಕುತ್ತಿದ್ದರಲ್ಲ, ಸೊಳ್ಳೆಯಾದರೂ ಓಡುತ್ತದೆ ಎನ್ನುವವರು ತಮ್ಮ ಕಚೇರಿಗಳಲ್ಲೂ ಇದ್ದಾರೆ. ಅಜ್ಜಂದಿರ ಹಿತ್ತಲಿನ ಗುಡ್ಡೆಯಲ್ಲಿ ಪ್ಲಾಸ್ಟಿಕ್ ಇರಲಿಲ್ಲ, ಒತ್ತೊತ್ತಾಗಿ ನಿಂತ ನಾಲ್ಕು ಮಹಡಿಯ ಮನೆಗಳ ಕಿಟಕಿಗಳೂ ಪಕ್ಕದಲ್ಲಿರಲಿಲ್ಲ. ಇಬ್ಬನಿಗೆ ನೆನೆದ ಎಲೆ ಧಗಧಗ ಉರಿಯುವುದಿಲ್ಲ, ಗಂಟೆಗಟ್ಟಲೆ ಒಳಗೊಳಗೇ ಹೊಗೆಯಾಡುತ್ತದೆ. ಪೂರ್ತಿ ಉರಿಯದ ಬೆಂಕಿಯೇ ಹೆಚ್ಚು ಸೂಕ್ಷ್ಮ ಕಣ, ಹೆಚ್ಚು ಕಾರ್ಬನ್ ಮಾನಾಕ್ಸೈಡ್, ಹೆಚ್ಚು ಬೆಂಜೋಪೈರೀನ್‌ನಂಥ ಕ್ಯಾನ್ಸರ್‌ಕಾರಕಗಳನ್ನು ಬಿಡುತ್ತದೆ. ಅದಕ್ಕೆ ಪಿವಿಸಿ ತುಂಡು ಸೇರಿದರೆ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್. ಅದರ ಮೇಲೆ ಹೊತ್ತು ಬೇರೆ ಕೆಟ್ಟದ್ದು. ಚಳಿಗಾಲದ ಬೆಳಗಿನಲ್ಲಿ ನೆಲದ ಹತ್ತಿರದ ತಣ್ಣನೆಯ ಗಾಳಿಯ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂತಿರುತ್ತದೆ. ಹೊಗೆ ಮೇಲೇರದೆ ಮೂಗಿನ ಮಟ್ಟದಲ್ಲೇ ಹರಡುತ್ತದೆ. ಬಿಸಿಲೇರಿ ಮುಚ್ಚಳ ಒಡೆಯುವುದು ಒಂಬತ್ತು-ಹತ್ತು ಗಂಟೆಗೆ. ಅಷ್ಟರಲ್ಲಿ ವಾಕಿಂಗ್‌ನವರು, ಶಾಲೆ ವ್ಯಾನಿಗೆ ಕಾಯುವ ಮಕ್ಕಳು, ಹಾಲು-ಹೂವು ಮಾರುವವರು ಎಲ್ಲರೂ ಆ ಗಾಳಿಯನ್ನು ಉಸಿರಾಡಿ ಆಗಿರುತ್ತದೆ. ಸರ್ಕಾರವೇ ಬಿಡದಿಯಲ್ಲಿ 11.5 ಮೆಗಾವಾಟ್‌ನ ಸ್ಥಾವರ ಕಟ್ಟಿ ಕಸ ಸುಡುತ್ತಿಲ್ಲವೇ ಎಂಬ ಪ್ರಶ್ನೆಯನ್ನೂ ಕೇಳಿದ್ದೇನೆ. ಅಂಥ ಕುಲುಮೆಗೆ ಎಷ್ಟು ಶಾಖ ಇರಬೇಕು, ಚಿಮಣಿಯಿಂದ ಏನೆಷ್ಟು ಹೊರಬರಬಹುದು ಎಂದು ನಿಯಮವಿದೆ. ಡಯಾಕ್ಸಿನ್ ಮಿತಿ ಒಂದು ಘನ ಮೀಟರ್ ಹೊಗೆಗೆ 0.1 ನ್ಯಾನೋಗ್ರಾಂ. ಆ ಸ್ಥಾವರ ಅದನ್ನು ಪಾಲಿಸುತ್ತದೆಯೇ ಎಂದು ಕಾಯುವುದು ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ. ಚರಂಡಿ ಪಕ್ಕದ ಗುಡ್ಡೆಗೆ ಮಿತಿಯೂ ಇಲ್ಲ, ಚಿಮಣಿಯೂ ಇಲ್ಲ, ಕಾಯುವವರೂ ಇಲ್ಲ.

ತಮ್ಮಲ್ಲಿ ಅನೇಕರು ಎತ್ತುವ ಗಟ್ಟಿ ಆಕ್ಷೇಪ ಇನ್ನೊಂದು: ಬೆಂಗಳೂರಿನ ಗಾಳಿ ಕೆಡುತ್ತಿರುವುದು ವಾಹನಗಳಿಂದ, ರಸ್ತೆ ದೂಳಿನಿಂದ, ನಾಲ್ಕು ಎಲೆ ಸುಟ್ಟರೆ ಎಷ್ಟು ವ್ಯತ್ಯಾಸ? ಆಕ್ಷೇಪದ ಮೊದಲರ್ಧ ನಿಜ. 2010ರಲ್ಲಿ ಟೆರಿ ಸಂಸ್ಥೆ ನಗರಕ್ಕಾಗಿ ಮಾಡಿದ ಅಧ್ಯಯನ ಪಿಎಂ 10 ಕಣಗಳಲ್ಲಿ ಶೇ. 42ರಷ್ಟು ಪಾಲನ್ನು ಸಾರಿಗೆಗೆ, ಶೇ. 20ರಷ್ಟನ್ನು ರಸ್ತೆ ದೂಳಿಗೆ ಹೊರಿಸಿತ್ತು. ಆ ಪಾಲುಗಳು ಕಾಲಕಾಲಕ್ಕೆ ಬದಲಾಗುತ್ತವೆ, ಆದರೆ ವಾಹನವೇ ದೊಡ್ಡ ಅಪರಾಧಿ ಎಂಬುದರಲ್ಲಿ ತಕರಾರಿಲ್ಲ. ಎರಡನೆಯ ಅರ್ಧವನ್ನು ಮಾತ್ರ ಒಪ್ಪಲಾರೆ. ಇಡೀ ನಗರದ ಸರಾಸರಿಯಲ್ಲಿ ಸಣ್ಣದಾಗಿ ಕಾಣುವ ಮೂಲ ಒಂದು ಅಡ್ಡರಸ್ತೆಯಲ್ಲಿ ಒಂದು ಬೆಳಗಿನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದಾಗಿರಬಹುದು. ಜನ ಉಸಿರಾಡುವುದು ಸರಾಸರಿಯನ್ನಲ್ಲ. ಅದಕ್ಕಿಂತ ಮುಖ್ಯವಾದ ಮಾತು ಅಧಿಕಾರದ್ದು. ಎಂಜಿನ್ನಿನ ಮಾನದಂಡ ಕೇಂದ್ರ ಸರ್ಕಾರದ ಕೈಯಲ್ಲಿದೆ, ಬಸ್ಸು ಬಿಎಂಟಿಸಿಯದು, ಮೆಟ್ರೊ ಬೇರೆ ನಿಗಮದ್ದು, ಪೀಣ್ಯದ ಕಾರ್ಖಾನೆ ಮಾಲಿನ್ಯ ಮಂಡಳಿಯ ಅಧೀನ. ಬೇರೆ ಯಾರ ಸಹಿಗೂ ಕಾಯದೆ, ಹೊಸ ತಂತ್ರಜ್ಞಾನ ಬೇಡದೆ, ಒಂದು ಋತುವಿನೊಳಗೆ ಪಾಲಿಕೆಯೊಂದೇ ನಿಲ್ಲಿಸಬಹುದಾದ ಮಾಲಿನ್ಯವೆಂದರೆ ಬೀದಿ ಬೆಂಕಿ. ದೊಡ್ಡ ಅಪರಾಧಿ ಸಿಕ್ಕುವವರೆಗೆ ಕೈಯಳತೆಯಲ್ಲಿರುವುದನ್ನು ಬಿಟ್ಟುಬಿಡಬೇಕು ಎನ್ನುವುದು ಯಾವ ನ್ಯಾಯ?

ಸಣ್ಣ ಬೆಂಕಿಯನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಆಗ್ರಾದ ಉದಾಹರಣೆ ಇದೆ. ತಾಜ್ ಮಹಲಿನ ಬಿಳುಪು ಮಾಸುತ್ತಿದೆ ಎಂದು ಅಲ್ಲಿನ ಆಡಳಿತ ಬಡವರ ಒಲೆಯ ಬೆರಣಿಯ ಮೇಲೆ ಕಣ್ಣು ಹಾಕಿತು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿ ನೋಡಿದಾಗ, ಅಮೃತಶಿಲೆಯ ಮೇಲೆ ಕೂರುವ ಕಣಗಳಲ್ಲಿ ಬೆರಣಿಯ ಪಾಲಿಗಿಂತ ಬೀದಿಯಲ್ಲಿ ಸುಡುವ ಕಸದ ಪಾಲು ಹತ್ತು ಪಟ್ಟಿಗೂ ಹೆಚ್ಚೆಂದು ಕಂಡುಬಂತು. ಬಡವರ ಒಲೆ ಎಲ್ಲರ ಕಣ್ಣಿಗೆ ಬಿದ್ದಿತ್ತು. ಅಲ್ಲಿನ ನಗರ ಪಾಲಿಕೆಯ ಕಸ ಸಾಗಣೆಯ ಲೋಪ ಬಿದ್ದಿರಲಿಲ್ಲ.

ಮಾಪಕಗಳು ಅಷ್ಟೇನೂ ಕೆಟ್ಟದಾಗಿ ತೋರಿಸುತ್ತಿಲ್ಲವಲ್ಲ ಎಂದೂ ಹೇಳಬಹುದು. ಪಶ್ಚಿಮ ಭಾಗಕ್ಕೆ ಸಾಣೆಗುರುವನಹಳ್ಳಿ, ಬಾಪೂಜಿನಗರ ಮತ್ತು ಮೈಸೂರು ರಸ್ತೆಯ ಮೈಲಸಂದ್ರದಲ್ಲಿ ಮಂಡಳಿಯ ನಿರಂತರ ಮಾಪನ ಕೇಂದ್ರಗಳಿವೆ. ಅವು ತಮ್ಮ ಸುತ್ತಲ ಗಾಳಿಯನ್ನು ಸರಿಯಾಗಿ ಅಳೆಯುತ್ತವೆ. ಮೂಡಲಪಾಳ್ಯದ ಒಂದು ಅಡ್ಡರಸ್ತೆಯಲ್ಲಿ ಆರೂವರೆಗೆ ಎದ್ದ ಹೊಗೆ ಅವುಗಳಿಗೆ ಕಾಣುವುದಿಲ್ಲ. ಕಂಡರೂ ಇಪ್ಪತ್ನಾಲ್ಕು ಗಂಟೆಯ ಸರಾಸರಿಯಲ್ಲಿ ಕರಗಿಹೋಗುತ್ತದೆ. ಪಿಎಂ 2.5ಕ್ಕೆ ನಮ್ಮ ದೇಶದ ದಿನದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ; ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಈ ಎರಡು ಅಂಕಿಗಳ ನಡುವಿನ ಗಾಳಿಗೆ ನಾವು ಉತ್ತಮ ಅಥವಾ ತೃಪ್ತಿಕರ ಎಂದು ಹೆಸರಿಟ್ಟುಕೊಂಡಿದ್ದೇವೆ. ಅಷ್ಟಕ್ಕೂ 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳ ಜತೆ ಬೆಂಗಳೂರಿನ ಹೆಸರೂ ಸೇರಿದ್ದು ನಮ್ಮದೇ ಸಡಿಲ ಮಿತಿಯನ್ನು ಮೀರಿದ್ದಕ್ಕೆ.

ಹಾಗಾದರೆ ಏನು ಮಾಡಬೇಕು? ಮೊದಲನೆಯದು, ಎಲೆಗೆ ಒಡೆಯರನ್ನು ಗೊತ್ತುಮಾಡಬೇಕು. ಆಯುಕ್ತರ ಒಂದು ಕಚೇರಿ ಆದೇಶ ಸಾಕು: ಜನವರಿಯಿಂದ ಏಪ್ರಿಲ್‌ವರೆಗೆ ತರಗೆಲೆ ತೋಟಗಾರಿಕೆ ವಿಭಾಗದ ಸ್ವತ್ತು, ಸಾಗಣೆ ಘನತ್ಯಾಜ್ಯ ಕಂಪನಿಯ ಹೊಣೆ. ಎರಡನೆಯದು ಗಾಡಿ. ವರ್ಷಪೂರ್ತಿ ಬೇಕಿಲ್ಲ, ಎಲೆ ಉದುರುವ ನಾಲ್ಕು ತಿಂಗಳು ಸಾಕು. ಪ್ರತಿ ವಾರ್ಡಿಗೆ ಬಲೆ ಕಟ್ಟಿದ ಒಂದು ಟ್ರ್ಯಾಕ್ಟರ್ ಟ್ರೇಲರ್, ಯಾವ ದಿನ ಯಾವ ರಸ್ತೆ ಎಂಬ ಪಟ್ಟಿ, ಪೌರಕಾರ್ಮಿಕರ ಕೈಗೆ ತೊಳೆದು ಮತ್ತೆ ಬಳಸಬಹುದಾದ ದೊಡ್ಡ ಗೋಣಿಚೀಲ. ಚೀಲದ ಮಾತು ಚಿಕ್ಕದೆಂದು ನಗಬೇಡಿ: ಚೀಲಕ್ಕೆ ಬಿದ್ದ ಎಲೆಗೆ ಯಾರೂ ಬೆಂಕಿ ಹಚ್ಚುವುದಿಲ್ಲ, ಗಾಳಿಗೂ ಅದು ಹಾರುವುದಿಲ್ಲ, ಗಾಡಿ ನಾಳೆ ಬಂದರೂ ತೊಂದರೆಯಿಲ್ಲ. ಎಲೆಯನ್ನು ಪುಡಿ ಮಾಡುವ ಯಂತ್ರ ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಒಂದಿದ್ದರೂ ಸಾಗಿಸುವ ಗಾತ್ರ ಗಣನೀಯವಾಗಿ ಇಳಿಯುತ್ತದೆ. ಮೂರನೆಯದು, ಎಲ್ಲ ಎಲೆಯನ್ನೂ ಸಾಗಿಸಲೇಬೇಕಾಗಿಲ್ಲ. ಮರದ ಬುಡಕ್ಕೆ ಹಾಕಿದ ಕಾಂಕ್ರೀಟನ್ನು ಒಡೆದು ಒಂದು ಮೀಟರ್ ಮಣ್ಣು ಬಿಟ್ಟರೆ ಆ ಮರದ ಎಲೆಯಲ್ಲಿ ಒಂದು ಪಾಲನ್ನು ಅಲ್ಲೇ ಹೊದಿಕೆಯಾಗಿ ಹರಡಬಹುದು. ಬೇಸಿಗೆಯಲ್ಲಿ ಬುಡ ತಂಪಾಗಿರುತ್ತದೆ, ಮಳೆನೀರು ಇಂಗುತ್ತದೆ. ಉದ್ಯಾನಗಳ ಎಲೆ ಉದ್ಯಾನದ ಗೇಟು ದಾಟಿ ಹೊರಗೆ ಬರುವುದೇ ತಪ್ಪು.

ಉಳಿದದ್ದಕ್ಕೆ ಗೊಬ್ಬರದ ಪಂಜರಗಳು. ತಂತಿ ಬಲೆಯ ನಾಲ್ಕು ಗೋಡೆ, ಒಳಗೆ ಎಲೆ, ಪದರ ಪದರಕ್ಕೆ ಸಗಣಿ ಬಗ್ಗಡ ಅಥವಾ ಕತ್ತರಿಸಿದ ಹಸಿ ಹುಲ್ಲು, ವಾರಕ್ಕೊಮ್ಮೆ ನೀರು, ಆಗಾಗ ಮಗುಚುವುದು, ಇಷ್ಟೇ. ಬರೀ ಒಣ ಎಲೆ ಕೊಳೆಯಲು ತಡಮಾಡುತ್ತದೆ, ಏಕೆಂದರೆ ಅದರಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಡಿಮೆ. ಇಪ್ಪತ್ತೈದು-ಮೂವತ್ತು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇದ್ದರೆ ಸೂಕ್ಷ್ಮಜೀವಿಗಳ ಕೆಲಸ ಚುರುಕು. ನಮ್ಮ ಕಡೆ ಇನ್ನೂ ಉಳಿದಿರುವ ಹಸು ಕಟ್ಟಿದ ಮನೆಗಳ ಸಗಣಿ ಚರಂಡಿಗೆ ಹೋಗುವ ಬದಲು ಇಲ್ಲಿಗೆ ಬಂದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಹೊಂಗೆಯಂತೂ ಬೇಳೆಕಾಳಿನ ಜಾತಿಯ ಮರ. ಹಳೆ ಮೈಸೂರಿನ ರೈತರು ತಲೆತಲಾಂತರದಿಂದ ಹೊಂಗೆ ಸೊಪ್ಪನ್ನು ಗದ್ದೆಗೆ ತುಳಿದು ಗೊಬ್ಬರ ಮಾಡಿಕೊಂಡವರು. ಅದೇ ನಾಡಿನ ರಾಜಧಾನಿಯಲ್ಲಿ ಹೊಂಗೆ ಎಲೆಗೆ ಬೆಂಕಿ ಹಾಕಿ, ನರ್ಸರಿಯಿಂದ ಗೊಬ್ಬರದ ಮೂಟೆ ತರಿಸುತ್ತೇವೆ. ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಗೃಹ ಕಲಿಕಾ ಕೇಂದ್ರದಲ್ಲಿ ಹತ್ತಾರು ಬಗೆಯ ಗೊಬ್ಬರದ ತೊಟ್ಟಿಗಳನ್ನು ಜನ ನೋಡಿ ಕಲಿಯುವಂತೆ ಇಟ್ಟಿದ್ದಾರೆ. ತಮ್ಮ ತೋಟಗಾರಿಕೆ ಸಿಬ್ಬಂದಿಯನ್ನು ಒಂದು ದಿನ ಅಲ್ಲಿಗೆ ಕಳಿಸಿದರೆ ಸಾಕು, ವಿದೇಶ ಪ್ರವಾಸ ಬೇಕಾಗಿಲ್ಲ.

ಇಲ್ಲಿ ನಿವಾಸಿಗಳ ಆಕ್ಷೇಪ ಬಂದೇ ಬರುತ್ತದೆ. ಕನ್ನಹಳ್ಳಿ, ದೊಡ್ಡಬಿದರಕಲ್ಲು, ಲಿಂಗಧೀರನಹಳ್ಳಿಗಳ ಕಸ ಸಂಸ್ಕರಣಾ ಘಟಕಗಳ ದುರ್ನಾತ ಅನುಭವಿಸಿದವರಿಗೆ ಗೊಬ್ಬರ ಎಂಬ ಹೆಸರು ಕೇಳಿದರೇ ಭಯ. ಆ ಭಯವನ್ನು ತಾವು ಮೂದಲಿಸುವ ಹಾಗಿಲ್ಲ, ಅದು ಆಡಳಿತವೇ ಮಾಡಿಟ್ಟ ಸಾಲ. ಆದರೆ ಅಲ್ಲಿ ನಾರಿದ್ದು ಬೇರ್ಪಡದ ಮಿಶ್ರ ಕಸ, ಅಡುಗೆಮನೆಯ ಹಸಿ ಕಸ. ಒಣ ಎಲೆ ನಾರುವುದಿಲ್ಲ. ಅನ್ನ, ಮಾಂಸ ಸೇರದಿದ್ದರೆ ಹೆಗ್ಗಣವೂ ಬರುವುದಿಲ್ಲ. ಪಂಜರಕ್ಕೆ ಎಲೆ ಬಿಟ್ಟು ಬೇರೇನೂ ಬೀಳದಂತೆ ಕಾಯುವುದೊಂದೇ ಷರತ್ತು. ಅದನ್ನು ಪಾಲಿಕೆ ಒಂದೆರಡು ಉದ್ಯಾನಗಳಲ್ಲಿ ಮಾಡಿ ತೋರಿಸಲಿ, ಉಳಿದ ವಾರ್ಡ್‌ಗಳವರು ತಾವಾಗಿಯೇ ಕೇಳಿಕೊಂಡು ಬರುತ್ತಾರೆ.

ಹಣ, ಸಿಬ್ಬಂದಿ ಎಲ್ಲಿದೆ ಎಂಬ ಮಾತಿಗೆ ಚುಟುಕಾಗಿ ಉತ್ತರಿಸುತ್ತೇನೆ. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜತೆಗೆ ಕಸದ ಬಳಕೆದಾರರ ಶುಲ್ಕವನ್ನು, ಮನೆಯ ಅಳತೆಗೆ ತಕ್ಕಂತೆ ತಿಂಗಳಿಗೆ 10ರಿಂದ 400 ರೂಪಾಯಿವರೆಗೆ, ನಾಗರಿಕರು ಕಟ್ಟುತ್ತಿದ್ದಾರೆ. ದೊಡ್ಡ ನಗರಗಳ ಗಾಳಿ ಸುಧಾರಣೆಗೆಂದೇ ಹದಿನೈದನೇ ಹಣಕಾಸು ಆಯೋಗ ಅನುದಾನ ಕೊಟ್ಟಿತ್ತು. ನಾಲ್ಕು ತಿಂಗಳ ಟ್ರ್ಯಾಕ್ಟರ್ ಬಾಡಿಗೆ ಒಂದು ಫ್ಲೈಓವರ್ ಕಂಬದ ವೆಚ್ಚಕ್ಕೆ ಸಮನಾಗಲಾರದು. ಹಣವಿಲ್ಲ ಎನ್ನುವುದನ್ನು ಈ ವಿಷಯದಲ್ಲಿ ನಂಬಲು ಕಷ್ಟ.

ಈಗ ದಂಡಕ್ಕೆ ಬರುತ್ತೇನೆ. ಗಾಡಿ, ಚೀಲ, ಪಂಜರ ಕೊಟ್ಟ ಮೇಲೂ ಬೆಂಕಿ ಬಿದ್ದರೆ ದಂಡ ಬೀಳಲೇಬೇಕು, ಆದರೆ ಅದು ಕೆಳಗಿನಿಂದಲ್ಲ, ಮೇಲಿನಿಂದ ಶುರುವಾಗಲಿ. ಪೊರಕೆ ಹಿಡಿದವರ ಸಂಬಳದಲ್ಲಿ ಐದು ಸಾವಿರ ಮುರಿಯುವುದು ಸುಲಭ, ಅದರಿಂದ ಒಂದು ಎಲೆಯೂ ಅಲುಗುವುದಿಲ್ಲ. ಪೌರಕಾರ್ಮಿಕರ ಹಾಜರಿ ತೆಗೆದುಕೊಳ್ಳುವ ಪ್ರತಿ ಮಸ್ಟರಿಂಗ್ ಕೇಂದ್ರದ ಗೋಡೆಯ ಮೇಲೆ ಕನ್ನಡದಲ್ಲೂ ತೆಲುಗಿನಲ್ಲೂ ಒಂದು ಆದೇಶ ಅಂಟಿಸಿ: ಕಸ ಸುಡಲು ಯಾರೂ ಹೇಳುವಂತಿಲ್ಲ, ಹೇಳಿದರೆ ಒಲ್ಲೆ ಎನ್ನುವ ಹಕ್ಕು ಪೌರಕಾರ್ಮಿಕರಿಗಿದೆ, ಹೇಳಿದವರೇ ಹೊಣೆ. ಪಟ್ಟಿಯ ಪ್ರಕಾರ ಗಾಡಿ ಬರದ ರಸ್ತೆಯಲ್ಲಿ ಬೆಂಕಿ ಬಿದ್ದರೆ ದಂಡ ಗುತ್ತಿಗೆದಾರರ ಬಿಲ್ಲಿನಲ್ಲಿ ಕಡಿತವಾಗಲಿ. ಖಾಲಿ ನಿವೇಶನದಲ್ಲಿ ಬೆಂಕಿ ಕಂಡರೆ ನೋಟಿಸು ನಿವೇಶನದ ಮಾಲೀಕರಿಗೆ ಹೋಗಲಿ. ಉಲ್ಲಾಳ, ನಾಗದೇವನಹಳ್ಳಿ, ಕೆಂಗೇರಿ ಉಪನಗರಗಳಲ್ಲಿ ಬೆಲೆ ಏರಲೆಂದು ಬೇಲಿಯೂ ಹಾಕದೆ ಬಿಟ್ಟ ಸೈಟುಗಳೇ ಕಸ ಸುರಿಯುವ ಜಾಗ, ಆಮೇಲೆ ಸುಡುವ ಜಾಗ. ಇ-ಖಾತಾ ಬಂದ ಮೇಲೆ ಮಾಲೀಕರು ಯಾರೆಂದು ಗೊತ್ತಿಲ್ಲ ಎನ್ನುವ ನೆಪವೂ ದುರ್ಬಲವಾಗಿದೆ.

ಗಡಿಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಬಿಬಿಎಂಪಿ ಹುಟ್ಟಿದ 2007ರವರೆಗೆ ಕೆಂಗೇರಿಗೆ ತನ್ನದೇ ಪುರಸಭೆ ಇತ್ತು; ಆಗ ನಗರಕ್ಕೆ ಸೇರಿದ ಏಳು ನಗರಸಭೆಗಳ ಜತೆ ಬಂದ ಒಂದೇ ಒಂದು ಪುರಸಭೆ ಅದು. ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳು ಬಂದ 2025ರ ಸೆಪ್ಟೆಂಬರ್ 2ರಿಂದ ಅದೇ ಊರು ಪಶ್ಚಿಮ ನಗರ ಪಾಲಿಕೆಯ ಅಂಚು. ಅಂಚಿನ ಆಚೆ ಬಿಡಿಎ ರೂಪಿಸಿದ ನಾಡಪ್ರಭು ಕೆಂಪೇಗೌಡ ಬಡಾವಣೆಯ ಸಾಲು ಸಾಲು ಖಾಲಿ ನಿವೇಶನಗಳು, ಈಚೆ ಸಾವಿರ ಎಕರೆಗೂ ಮಿಗಿಲಾದ, ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ, ನಡುವೆ ರೈಲ್ವೆ ಜಮೀನು, ಮೈಸೂರು ರಸ್ತೆಯ ಹೆದ್ದಾರಿ ಅಂಚು, ವೃಷಭಾವತಿಯ ದಡ. ಬೇಸಿಗೆಯಲ್ಲಿ ಒಣ ಹುಲ್ಲಿಗೆ ಬಿದ್ದ ಕಿಡಿ ಯಾರ ವ್ಯಾಪ್ತಿ ಎಂದು ಕೇಳಿ ಹರಡುವುದಿಲ್ಲ, ಹೊಗೆಯೂ ಹಾಗೇ. ವಿಶ್ವವಿದ್ಯಾಲಯ, ಬಿಡಿಎ, ರೈಲ್ವೆ, ಮೆಟ್ರೊ, ಹೆದ್ದಾರಿ ಅಧಿಕಾರಿಗಳನ್ನು ಪ್ರತಿ ಡಿಸೆಂಬರ್‌ನಲ್ಲಿ ಒಂದು ಮೇಜಿನ ಸುತ್ತ ಕೂರಿಸಿ, ಹುಲ್ಲು ಕೊಯ್ಯುವ ಮತ್ತು ಬೆಂಕಿರೇಖೆ ತೆಗೆಯುವ ತಾರೀಖನ್ನು ಬರೆಸಿಕೊಳ್ಳುವುದು ತಮ್ಮ ಆಯುಕ್ತರಿಗೆ ಅಸಾಧ್ಯವೇನಲ್ಲ.

ಎಲ್ಲ ಬೆಂಕಿಯೂ ಒಂದೇ ಅಲ್ಲ ಎಂಬ ವಿವೇಕವೂ ಇರಲಿ. ಸಂಕ್ರಾಂತಿಯ ಕಿಚ್ಚು, ಕಾಮದಹನ ವರ್ಷಕ್ಕೊಂದು ದಿನದವು. ಅವುಗಳ ಮೇಲೆ ಈ ಪತ್ರದ ಕಣ್ಣಿಲ್ಲ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಚಳಿ ಕಾಯಿಸುವ ಕಾವಲುಗಾರರಿಗೆ, ಕಟ್ಟಡದ ಶೆಡ್ಡಿನಲ್ಲಿ ರಟ್ಟು-ಪ್ಲಾಸ್ಟಿಕ್ ಹಾಕಿ ನೀರು ಕಾಯಿಸುವ ಕಾರ್ಮಿಕರಿಗೆ ದಂಡ ಹಾಕುವುದು ಕ್ರೌರ್ಯ. ದೆಹಲಿಯಲ್ಲಿ ಚಳಿಗಾಲದ ಕ್ರಮಗಳ ಭಾಗವಾಗಿ ಕಾವಲುಗಾರರಿಗೆ ವಿದ್ಯುತ್ ಹೀಟರ್ ಕೊಡುವಂತೆ ನಿವಾಸಿ ಸಂಘಗಳಿಗೇ ಸೂಚಿಸಿದ್ದಾರೆ. ನಮ್ಮಲ್ಲೂ ಕಟ್ಟಡ ಪರವಾನಗಿಗೆ ಒಂದು ಷರತ್ತು ಸೇರಲಿ: ಶೆಡ್ಡಿನಲ್ಲಿ ಅಡುಗೆಗೆ ಗ್ಯಾಸು, ಸ್ನಾನಕ್ಕೆ ಬಿಸಿನೀರು ಕೊಡುವ ಹೊಣೆ ಬಿಲ್ಡರಿನದು. ನಾಯಂಡಹಳ್ಳಿಯ ಪ್ಲಾಸ್ಟಿಕ್ ಗುಜರಿ ವಹಿವಾಟು ನಗರದ ಎಷ್ಟೋ ಪ್ಲಾಸ್ಟಿಕ್ಕಿಗೆ ಮರುಜನ್ಮ ಕೊಡುತ್ತದೆ, ಆ ಉಪಕಾರವನ್ನು ಮರೆಯಬಾರದು. ಅಂಥ ಕಡೆ ಕೊನೆಯಲ್ಲಿ ಉಳಿಯುವ, ಯಾರೂ ಕೊಳ್ಳದ ಪದರದ ಪ್ಲಾಸ್ಟಿಕ್ಕನ್ನು ಪಾಲಿಕೆಯೇ ಎತ್ತಿ ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಕಳಿಸಲಿ. ತಾಮ್ರಕ್ಕಾಗಿ ವೈರು ಸುಡುವ ಗುಜರಿಯವರಿಗೆ ಸಿಪ್ಪೆ ಸುಲಿಯುವ ಯಂತ್ರ ಕೊಳ್ಳಲು ಸಾಲದ ನೆರವು ಸಿಗಲಿ. ಇದಾದ ಮೇಲೂ ರಾತ್ರಿ ಹೊತ್ತು ಕದ್ದು ಸುಡುವವರಿಗೆ ಪೂರ್ತಿ ಇಪ್ಪತ್ತೈದು ಸಾವಿರ ಹಾಕಿ, ನನ್ನ ಆಕ್ಷೇಪವಿಲ್ಲ.

ಇದೆಲ್ಲ ನಡೆಯುತ್ತಿದೆಯೇ ಎಂದು ತಿಳಿಯಲು ಎರಡು ಸರಳ ಏರ್ಪಾಡು ಬೇಕು. ಬೆಂಕಿ ಬೀಳುವುದು ಬೆಳಗ್ಗೆ ಎಂಟರೊಳಗೆ, ಸಂಜೆ ಏಳರ ಮೇಲೆ. ತಪಾಸಣೆ ನಡೆಯುವುದು ಕಚೇರಿಯ ಹೊತ್ತಿನಲ್ಲಿ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಆರೋಗ್ಯ ನಿರೀಕ್ಷಕರ, ಮಾರ್ಷಲ್‌ಗಳ ಪಾಳಿಯನ್ನು ಆ ಹೊತ್ತಿಗೆ ಹೊಂದಿಸಿ. ಮತ್ತೆ, ವಾರ್ಡಿಗೊಂದು ಬೆಂಕಿ ದಾಖಲೆ ಇಡಿ: ಎಲ್ಲಿ, ಎಷ್ಟು ಹೊತ್ತಿಗೆ, ಎಲೆಯೋ ಪ್ಲಾಸ್ಟಿಕ್ಕೋ, ಗಾಡಿ ಬಂದಿತ್ತೇ ಇಲ್ಲವೇ, ಏನು ಕ್ರಮ. ಅದನ್ನು ತಿಂಗಳಿಗೊಮ್ಮೆ ವಾರ್ಡ್ ಸಮಿತಿಯ ಮುಂದಿಟ್ಟು ಪ್ರಕಟಿಸಿ. ದಂಡ ಎಷ್ಟು ಲಕ್ಷ ವಸೂಲಾಯಿತು ಎಂಬುದನ್ನು ಸಾಧನೆಯೆಂದು ಹೇಳಿಕೊಳ್ಳುವುದನ್ನು ದಯವಿಟ್ಟು ನಿಲ್ಲಿಸಿ. ವಸೂಲಿ ಏರಿತೆಂದರೆ ಬೆಂಕಿ ಏರಿತೆಂದೇ ಅರ್ಥವಾಗಬಹುದು. ಅದೇ ಜಾಗದಲ್ಲಿ ಬೆಂಕಿ ಮತ್ತೆ ಬಿತ್ತೇ ಎಂಬುದೊಂದೇ ಲೆಕ್ಕಕ್ಕೆ ಬರಬೇಕಾದ ಅಂಕಿ.

2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ನಮ್ಮ ವಾರ್ಡ್‌ಗಳನ್ನು ಅಧಿಕಾರಿಗಳೇ ನಡೆಸಿದ್ದಾರೆ. ಕಾರ್ಪೊರೇಟರ್ ಒಪ್ಪಲಿಲ್ಲ ಎಂಬ ಹಳೆಯ ಕಾರಣ ಆ ವರ್ಷಗಳಿಗೆ ಅನ್ವಯಿಸುವುದಿಲ್ಲ. ಐದು ಪಾಲಿಕೆಗಳಲ್ಲಿ ಅತಿ ಹೆಚ್ಚು ವಾರ್ಡ್‌ಗಳಿರುವುದು ಪಶ್ಚಿಮಕ್ಕೆ. ಇಲ್ಲಿ ಆದದ್ದನ್ನು ಉಳಿದ ನಾಲ್ಕೂ ನೋಡುತ್ತವೆ. ತರಗೆಲೆಯ ಒಡೆತನ, ಗಾಡಿಗಳ ಪಟ್ಟಿ, ಮಸ್ಟರಿಂಗ್ ಕೇಂದ್ರದ ಆದೇಶ ಈ ಮೂರಕ್ಕೂ ಹೊಸ ಕಾನೂನು ಬೇಕಿಲ್ಲ, ಆಯುಕ್ತರ ಸಹಿ ಸಾಕು. ಈ ವರ್ಷದ ಡಿಸೆಂಬರ್ ಮುಗಿಯುವುದರೊಳಗೆ ಆ ಆದೇಶ ಹೊರಡಿಸಿ, ಅದರ ಪ್ರತಿಯನ್ನು ಪ್ರತಿ ವಾರ್ಡ್ ಕಚೇರಿಯ ಸೂಚನಾ ಫಲಕದಲ್ಲಿ ಹಾಕಿಸಬೇಕೆಂದು ವಿನಯಪೂರ್ವಕವಾಗಿ ಕೋರುತ್ತೇನೆ.



ಇಂತಿ ತಮ್ಮ ವಿಶ್ವಾಸಿ,
ಪಶ್ಚಿಮ ಬೆಂಗಳೂರಿನ ಒಬ್ಬ ತೆರಿಗೆದಾರ ನಿವಾಸಿ